ರಾಜೀನಾಮೆ ಇಲ್ಲದ ಕುರ್ಚಿ

ಗುನ್ವೋರ್ ಇಪ್ಪತ್ತೆರಡು ವರ್ಷ ನಾರ್ವೆಯ ಉತ್ತರ ತುದಿಯ ಫಿನ್‌ಮಾರ್ಕ್‌ನ ಒಂದು ಬಂದರಿನಲ್ಲಿ ಮೀನು ಸೀಳಿದವಳು. ಎಡಪಕ್ಷಕ್ಕೆ ಅಲ್ಲಿ ಗೆಲ್ಲುವ ಆಸೆಯೇ ಇರಲಿಲ್ಲ. ಸಂಸತ್ತಿನ ಚುನಾವಣೆಗೆ ಪಕ್ಷದ ಪಟ್ಟಿಯ ಮೊದಲ ಹೆಸರಿಗೆ ಯಾರೂ ಸಿಗದೆ ಅವಳನ್ನು ಕೇಳಿದರು.

"ಬರೀ ಹೆಸರು ಕೊಡು, ಓಸ್ಲೋಗೆ ಹೋಗೋದೇನೂ ಬರಲ್ಲ," ಎಂದಿದ್ದ ಪಕ್ಷದ ನಾಯಕ ಸ್ಟೈನಾರ್.

ನಲವತ್ತೊಂದು ಮತಗಳಿಂದ ಗೆದ್ದುಬಿಟ್ಟಳು.

ಮೊದಲ ವರ್ಷ ಚೆನ್ನಾಗಿಯೇ ಕಳೆಯಿತು. ಎರಡನೆಯ ಚಳಿಗಾಲದಲ್ಲಿ ಸ್ಟೈನಾರ್ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡ. ಶಿಶುವಿಹಾರಗಳಿಗೆ ಹಣ ಸಿಕ್ಕಿತು. ಬದಲಿಗೆ, ದೊಡ್ಡ ಹಡಗಿನವರು ಹಿಡಿದ ಮೀನನ್ನು ಗೊತ್ತುಪಡಿಸಿದ ಬಂದರಿನಲ್ಲೇ ಇಳಿಸಬೇಕೆಂಬ ನಿಯಮ ಹೋಗಿ, ತಮಗೆ ಬೇಕಾದ ಕಡೆ ಇಳಿಸಬಹುದು ಎಂದಾಯಿತು. ಅವಳ ಊರಿನ ಮೀನಿನ ಕಾರ್ಖಾನೆ ನಿಂತಿದ್ದೇ ಆ ಮೀನಿನ ಮೇಲೆ.

"ನಾನು ಒಪ್ಪಲ್ಲ," ಎಂದಳು.

"ಪಕ್ಷ ತೀರ್ಮಾನ ಮಾಡಿ ಆಯ್ತು ಗುನ್ವೋರ್. ಸಾವಿರಾರು ಮಕ್ಕಳ ವಿಷಯ ಇದು."

"ನನ್ ಜೊತೆ ಮೀನು ಸೀಳೋರಿಗೂ ಮಕ್ಳಿದಾರೆ."

ಮರುದಿನ ಸಂಸತ್ತಿನ ಕಚೇರಿಗೆ ಹೋಗಿ ರಾಜೀನಾಮೆ ಕೊಡಬೇಕು ಎಂದಳು. ಗುಮಾಸ್ತ ಕನ್ನಡಕ ತೆಗೆದು ಅವಳನ್ನೇ ನೋಡಿದ.

"ಅದಕ್ಕೆ ಇಲ್ಲಿ ಅವಕಾಶ ಇಲ್ಲ. ಜನ ಆರಿಸಿದ್ಮೇಲೆ ನಾಲ್ಕು ವರ್ಷ ಕೂರ್ಲೇಬೇಕು."

"ಹುಷಾರು ತಪ್ಪಿದ್ರೆ?"

"ಡಾಕ್ಟರ ಚೀಟಿ ತನ್ನಿ. ರಜೆ ಸಿಗತ್ತೆ. ಪಟ್ಟಿಯಲ್ಲಿ ಎರಡನೆಯವರು ಬಂದು ಕೂರ್ತಾರೆ."

ಎರಡನೆಯವರು ಸ್ಟೈನಾರ್ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಒಬ್ಬ ಮೇಷ್ಟರು. ಕಾಯಿಲೆ ಬೀಳುವ ದಾರಿಯೂ ಮುಚ್ಚಿತು. ಒಪ್ಪಂದ ಮತಕ್ಕೆ ಬಂದ ದಿನ ಗುನ್ವೋರ್ ಸಭೆಗೆ ಹೋಗಿ ವಿರುದ್ಧದ ಗುಂಡಿ ಒತ್ತಿದಳು. ಪಕ್ಷದಲ್ಲಿ ಒತ್ತಿದವಳು ಅವಳೊಬ್ಬಳೇ. ಒಪ್ಪಂದ ಸಲೀಸಾಗಿ ಪಾಸಾಯಿತು. ಆ ವಾರವೇ ಅವಳನ್ನು ಮೀನುಗಾರಿಕೆ ಸಮಿತಿಯಿಂದ ತೆಗೆದರು. ಕ್ಯಾಂಟೀನಿನಲ್ಲಿ ಕಂದು ಚೀಸಿನ ಬ್ರೆಡ್ಡನ್ನು ಒಬ್ಬಳೇ ಕೂತು ತಿನ್ನತೊಡಗಿದಳು.

ಈಸ್ಟರ್ ರಜೆಗೆ ಊರಿಗೆ ಹೋಗುವಷ್ಟರಲ್ಲಿ ಕಾರ್ಖಾನೆ ಬಾಗಿಲು ಹಾಕಿತ್ತು. ಇಪ್ಪತ್ತು ವರ್ಷ ಪಕ್ಕದಲ್ಲೇ ನಿಂತು ಮೀನು ಸೀಳಿದ್ದ ಮಾಗ್ನ್‌ಹಿಲ್ಡ್ ಊರು ಬಿಡಲು ಮನೆಯ ಸಾಮಾನು ಕಟ್ಟುತ್ತಿದ್ದಳು.

"ನೀನು ಬೇಡ ಅಂದಿದ್ದು ರೇಡಿಯೋದಲ್ಲಿ ಕೇಳಿದ್ವಿ ಕಣೆ. ಸಂತೋಷ ಆಯ್ತು. ಆದ್ರೆ ಮೀನು ಬರ್ಲಿಲ್ಲ."

"ನಾನೂ ಬಿಟ್ಟು ಬಂದ್ಬಿಡ್ತಿದ್ದೆ. ಬಿಡಲ್ಲ ಅಂತಾರೆ."

ಮಾಗ್ನ್‌ಹಿಲ್ಡ್ ಹಗ್ಗ ಬಿಗಿಯುತ್ತಲೇ ನಕ್ಕಳು. "ನೋಡು, ಈ ಊರಲ್ಲಿ ಯಾರಿಗೂ ಕೆಲಸದಿಂದ ತೆಗೆಯಕ್ಕಾಗ್ದೇ ಇರೋಳು ನೀನೊಬ್ಳೇ."

ಅದರಲ್ಲಿ ಕೊಂಕೇನೂ ಇರಲಿಲ್ಲ. ಆದರೂ ಗುನ್ವೋರ್‌ಗೆ ನಗು ಬರಲಿಲ್ಲ. ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡಳು.

ರಜೆ ಮುಗಿದ ಮೇಲೆ ಮತ್ತೆ ವಿಮಾನ ಹತ್ತಿದಳು. ಉಳಿದ ಎರಡೂವರೆ ವರ್ಷದಲ್ಲಿ ಒಂದು ದಿನವೂ ಸಭೆ ತಪ್ಪಿಸಲಿಲ್ಲ. ಜ್ವರ ಬಂದಾಗಲೂ ಮೇಷ್ಟರಿಗೆ ಕುರ್ಚಿ ಬಿಡದೆ ಕೋಟು ಹೊದ್ದು ಹೋಗಿ ಕೂತಳು. ಅವಧಿ ಮುಗಿದಾಗ ಅವಳಿಗೆ ಐವತ್ಮೂರು ವರ್ಷ. ಊರಿಗೆ ಮರಳಿ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದಳು.