ಅಸಂಭವ

ನೀರಿನ ಆಫೀಸಿನಲ್ಲಿ ಅವಳಿಗೆ ಜರಡಿ ಎಂದು ಹೆಸರಿತ್ತು. ಎದುರಿಗೆ ಜರಡಿ ಮೇಡಂ, ಬೆನ್ನ ಹಿಂದೆ ಬರೀ ಜರಡಿ. ದೇಶದ ನದಿಗಳ ಸೇತುವೆಗಳ ಕೆಳಗೆ ಕೂರಿಸಿದ ಮಾಪಕಗಳು ಕಾಲು ಗಂಟೆಗೊಮ್ಮೆ ನೀರಿನ ಮಟ್ಟವನ್ನು ಕಳಿಸುತ್ತವೆ. ಆ ಅಂಕಿಗಳು ಮೊದಲು ಅವಳ ಮೇಜಿಗೆ ಬರಬೇಕು. ಅವಳು ಸರಿ ಎಂದ ಮೇಲೆಯೇ ಅವು ಮುನ್ಸೂಚನೆಯವರ ಕೋಣೆಗೆ, ಅಲ್ಲಿಂದ ರೇಡಿಯೊಗೆ, ಊರೂರಿಗೆ ಹೋಗುವುದು. ಮಾಪಕಗಳು ಸುಳ್ಳು ಹೇಳುವುದರಲ್ಲಿ ಎತ್ತಿದ ಕೈ. ಮುಂದೊಂದು ಜೇಡ ಬಲೆ ಕಟ್ಟಿದರೆ ನದಿ ಉಕ್ಕಿತು ಎನ್ನುತ್ತವೆ, ಬ್ಯಾಟರಿ ಸೊರಗಿದರೆ ನದಿ ಬತ್ತಿಹೋಯಿತು ಎನ್ನುತ್ತವೆ. ಇಂಥ ಸುಳ್ಳುಗಳನ್ನು ಸೋಸಿ ಎಸೆಯುವುದೇ ಅವಳ ಕೆಲಸ. ಅಡ್ಡಹೆಸರು ಕೇಳಿ ಹುಸಿಮುನಿಸು ತೋರಿಸುತ್ತಿದ್ದಳಾದರೂ ಒಳಗೊಳಗೇ ಅವಳಿಗೆ ಅದರ ಬಗ್ಗೆ ಹೆಮ್ಮೆಯಿತ್ತು.

ಸೋಸುವ ಕ್ರಮ ಸರಳವಾಗಿತ್ತು. ಒಂದು ನದಿ ಇಷ್ಟು ವರ್ಷಗಳಲ್ಲಿ ಎಂದೂ ಏರದಷ್ಟು ವೇಗದಲ್ಲಿ ಏರಿದಂತೆ ಕಂಡರೆ ಕಂಪ್ಯೂಟರ್ ಆ ಅಂಕಿಯನ್ನು ಕೆಂಪು ಮಾಡಿ ಮುಂದಿಡುತ್ತದೆ. ಕೆಳಗೆ ಎರಡು ಗುಂಡಿಗಳು. ಒಂದು ‘ಒಪ್ಪಿಗೆ’, ಇನ್ನೊಂದು ‘ಅಸಂಭವ’. ಅಸಂಭವ ಎಂದು ಒತ್ತಿದರೆ ಅಂಕಿ ಪಕ್ಕಕ್ಕೆ ಸರಿಯುತ್ತದೆ. ಖಾಲಿ ಬಿದ್ದ ಜಾಗದಲ್ಲಿ ಹಿಂದಿನ ಮಟ್ಟವನ್ನೇ ಮುಂದಕ್ಕೆಳೆದು ಕಂಪ್ಯೂಟರ್ ತಾನೇ ಒಂದು ಗೆರೆ ಹಾಕುತ್ತದೆ. ನುಣುಪಾದ, ತಂಟೆ ತಕರಾರಿಲ್ಲದ ಗೆರೆ.

ಯಾವುದು ಸಂಭವ, ಯಾವುದು ಅಸಂಭವ ಎಂದು ಗೆರೆ ಎಳೆದ ಮಹಾನುಭಾವರು ನಿವೃತ್ತರಾಗಿ ಯಾವ ಕಾಲವಾಯಿತೋ. ಅವರ ಕಾಲದಲ್ಲಿ ವಾರವಿಡೀ ಸುರಿಯುತ್ತಿದ್ದ ಮಳೆ ಈಗ ಒಂದು ಬೆಳಗಿನಲ್ಲಿ ಸುರಿದು ಮುಗಿಯುತ್ತದೆ. ಬರಬಾರದ ತಿಂಗಳಲ್ಲಿ ಬರುತ್ತದೆ, ಬರಬೇಕಾದ ತಿಂಗಳಲ್ಲಿ ಕೈ ಕೊಡುತ್ತದೆ. ಇದು ಜರಡಿಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಅವಳೇ ಸಭೆ ಸಭೆಗಳಲ್ಲಿ ಪರದೆಯ ಮೇಲೆ ಚಿತ್ರ ತೋರಿಸಿ, ಹವಾಮಾನ ಬದಲಾಗಿದೆ, ಹಳೆಯ ನದಿಯನ್ನು ಮರೆತುಬಿಡಿ, ಮಿತಿಗಳನ್ನು ಎತ್ತರಿಸಿ ಎಂದು ಗಂಟಲು ಹರಿದುಕೊಂಡಿದ್ದಳು. ಕೇಳಿಸಿಕೊಂಡವರು ಚಪ್ಪಾಳೆ ತಟ್ಟಿ, ಹಾಗಾದರೆ ಆ ಕೆಲಸ ನೀವೇ ಮಾಡಿ ಎಂದಿದ್ದರು. ಆಫೀಸುಗಳಲ್ಲಿ ಬಾಯಿ ಬಿಟ್ಟವರಿಗೆ ಸಿಗುವ ಬಹುಮಾನ ಅದೇ ತಾನೇ. ಅವಳು ಈ ಮಳೆಗಾಲ ಮುಗಿಯಲಿ, ನಿಧಾನಕ್ಕೆ ಕೂತು ಮಾಡೋಣ ಎಂದುಕೊಂಡಳು. ಆದರೆ ಮಳೆಗಾಲಕ್ಕೆ ಮುಗಿಯುವ ಅಭ್ಯಾಸವೇ ತಪ್ಪಿಹೋಗಿತ್ತು.

ಅವಳನ್ನು ಹಿಂದಕ್ಕೆಳೆದ ಇನ್ನೊಂದು ಸಂಗತಿಯೂ ಇತ್ತು. ಹಿಂದಿನ ವರ್ಷ ಕೆಂಪಾದ ಒಂದು ಅಂಕಿಗೆ ಅವಳು ಒಪ್ಪಿಗೆ ಕೊಟ್ಟಿದ್ದಳು. ಸೈರನ್ ಮೊಳಗಿ, ಒಂದಿಡೀ ಪಟ್ಟಣ ಹಾಸಿಗೆ ಹೊದಿಕೆ ಹೊತ್ತು ಗುಡ್ಡ ಹತ್ತಿತ್ತು. ನದಿ ಮಾತ್ರ ಇದ್ದಲ್ಲೇ ಇತ್ತು. ಮಾಪಕದ ಮುಂದೆ ಒಂದು ಕೊಂಬೆ ಸಿಕ್ಕಿಕೊಂಡಿತ್ತು, ಅಷ್ಟೆ. ಪತ್ರಿಕೆಗಳು ಆಡಿಕೊಂಡವು, ಮೇಲಿನವರು ಮುಖಕ್ಕೆ ಹೊಡೆದಂತೆ ಮಾತಾಡಿದರು. ಅಲ್ಲಿಂದಾಚೆ ಕೆಂಪು ಕಂಡರೆ ಅವಳ ಎದೆ ಧಸಕ್ಕೆನ್ನುತ್ತಿತ್ತು. ಮೊದಲೆಲ್ಲ ಅನುಮಾನ ಬಂದರೆ ನದಿಯ ಪಕ್ಕದಲ್ಲೇ ಇರುತ್ತಿದ್ದ ಕಾವಲಿನವರಿಗೆ ಫೋನ್ ಮಾಡಿ, ಕಣ್ಣಾರೆ ನೋಡಿ ಹೇಳಿ ಎನ್ನಬಹುದಿತ್ತು. ಖರ್ಚು ಕಡಿಮೆ ಮಾಡುವ ಹುಮ್ಮಸ್ಸಿನಲ್ಲಿ ಆ ಹುದ್ದೆಗಳನ್ನೇ ತೆಗೆದುಹಾಕಿದ್ದರು.

ಆ ದಿನ ಬೆಳಿಗ್ಗೆ ಮೇಲಿನ ಕಣಿವೆಯ ಮಾಪಕದಿಂದ ಕೆಂಪು ಅಂಕಿ ಬಂತು. ಆಫೀಸಿನ ಕಿಟಕಿಯಾಚೆ ಆಕಾಶ ತೊಳೆದಿಟ್ಟಂತಿತ್ತು. ಅವಳು ಅಸಂಭವ ಎಂದು ಒತ್ತಿದಳು. ಕಾಲು ಗಂಟೆ ಬಿಟ್ಟು ಮತ್ತೊಂದು ಬಂತು, ಮೊದಲಿನದಕ್ಕಿಂತ ಎತ್ತರದ್ದು. ಆಮೇಲೆ ಇನ್ನೊಂದು. ಅಷ್ಟು ಚಿಕ್ಕ ನದಿ ಅಷ್ಟು ಬೇಗ ಅಷ್ಟೆತ್ತರ ಏರುವುದು ಉಂಟೇ? ಬಲೆಯೋ ಕೊಂಬೆಯೋ ಇರಬೇಕು, ರಿಪೇರಿಯವರನ್ನು ಕಳಿಸಿದರಾಯಿತು ಎಂದುಕೊಂಡು ಎಲ್ಲದಕ್ಕೂ ಅದನ್ನೇ ಒತ್ತಿದಳು. ಊರಿಗೆಲ್ಲ ನದಿ ಬದಲಾಗಿದೆ ಎಂದು ಸಾರಿದವಳು ನದಿಯೇ ಬಂದು ಹೇಳಿದಾಗ ನಂಬಲಿಲ್ಲ.

ಅಷ್ಟರಲ್ಲಿ ಭಾವ ಫೋನ್ ಮಾಡಿದರು. ಅಕ್ಕನ ಗಂಡ, ಅದೇ ನದಿಯ ಕೆಳದಂಡೆಯ ಬೀದಿಯಲ್ಲಿ ಬಾಗಿಲು ಕಿಟಕಿ ಮಾಡುವ ಮರಗೆಲಸದ ಅಂಗಡಿ ಅವರದು. ನಾದಿನಿಗೆ ನೀರಿನ ಆಫೀಸಿನಲ್ಲಿ ಕೆಲಸ ಸಿಕ್ಕಿದಂದಿನಿಂದ ಮೋಡ ಕಂಡಾಗಲೆಲ್ಲ ಫೋನ್ ಮಾಡಿ, ಆಫೀಸರ್ರೇ ಕೊಡೆ ತರಲೋ ಬೇಡವೋ ಎಂದು ರೇಗಿಸುವುದು ಅವರ ವಾಡಿಕೆ. ಅಂದು ರೇಗಿಸಲಿಲ್ಲ. ನದಿಯ ಬಣ್ಣ ಯಾಕೋ ಸರಿಯಿಲ್ಲ, ಪಕ್ಕದ ಹಾಸಿಗೆ ಅಂಗಡಿಯವರು ಗಾಬರಿಯಾಗಿ ಲಾರಿ ತರಿಸಿದ್ದಾರೆ, ಏನಾದರೂ ಉಂಟೇ ಎಂದು ಕೇಳಿದರು. ಹಿಂದೆ ಗರಗಸದ ಸದ್ದು ಕೇಳುತ್ತಿತ್ತು.

ಅವಳು ಪರದೆಯತ್ತ ನೋಡಿದಳು. ಗೆರೆ ನುಣುಪಾಗಿತ್ತು.

"ಏನೂ ಇಲ್ಲ ಭಾವ. ನಿಶ್ಚಿಂತೆಯಾಗಿ ಕೆಲಸ ಮಾಡಿ" ಎಂದಳು.

ಇಂಥ ತಪ್ಪನ್ನು ಆ ಕೆಲಸದವರು ಮಾತ್ರ ಮಾಡಬಲ್ಲರು. ತಾನೇ ಖಾಲಿ ಮಾಡಿದ ಜಾಗದಲ್ಲಿ ಯಂತ್ರ ತುಂಬಿಸಿಟ್ಟದ್ದನ್ನು ಅವಳು ನದಿ ಎಂದು ಓದಿದಳು. ನದಿ ಏನು ಹೇಳುತ್ತಿದೆ ಎಂದು ಕೇಳಿದವರಿಗೆ ತನ್ನ ಮಾತನ್ನೇ ನದಿಯ ಮಾತೆಂದು ದಾಟಿಸಿದಳು.

ಊಟದ ಹೊತ್ತಿಗೆ ಮೊದಲೇ ನೀರು ಬಂತು. ಮೇಲಿನ ಕಣಿವೆಯಲ್ಲಿ ಮೇಘಸ್ಫೋಟವಾಗಿತ್ತು. ಮಾಪಕ ತನಗೆ ಕಂಡ ಸತ್ಯವನ್ನು ಕಳಿಸುತ್ತ ಕಳಿಸುತ್ತಲೇ ಸೇತುವೆಯ ಜೊತೆ ಕೊಚ್ಚಿಹೋಗಿತ್ತು. ಕೆಳದಂಡೆಯ ಬೀದಿಯಲ್ಲಿ ನೀರು ಅಂಗಡಿಗಳ ಬಾಗಿಲು ಮುರಿದು ಒಳಗೆ ನುಗ್ಗಿತು. ಭಾವನ ಕಾಲ ಮೇಲೆ ಮರದ ದಿಮ್ಮಿಗಳು ಉರುಳಿ ಮೂಳೆ ಮುರಿಯಿತು. ಪಕ್ಕದ ಹಾಸಿಗೆ ಅಂಗಡಿಯ ಯಜಮಾನರು ಆಗ ಹತ್ತಿ ಮೂಟೆಗಳನ್ನು ಅಟ್ಟಕ್ಕೆ ಏರಿಸುತ್ತಿದ್ದರಂತೆ. ನೀರು ಕುಡಿದ ಹತ್ತಿ ಕಲ್ಲಿನಷ್ಟು ಭಾರ. ಅವರು ಅದರಡಿಯಿಂದ ಏಳಲೇ ಇಲ್ಲ.

ಆಫೀಸಿನ ದೊಡ್ಡವರು ಅವಳನ್ನು ಕೋಣೆಗೆ ಕರೆದು ಕೂರಿಸಿ, ತಾವೇ ನೀರು ಕೊಟ್ಟರು. ನೀವು ನಿಯಮ ಮೀರಿಲ್ಲ, ನಿಮ್ಮ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು ಎಂದರು. ಹೊರಗಿನವರಿಗೆ ಮಾಪಕ ಕೆಟ್ಟಿತ್ತು ಎಂದು ಹೇಳಲಾಗಿದೆ, ವಿಚಾರಣೆ ಮುಗಿಯುವವರೆಗೆ ಯಾರ ಹತ್ತಿರವೂ ಬಾಯಿ ಬಿಡಬೇಡಿ ಎಂದೂ ಸೇರಿಸಿದರು. ಒಳ್ಳೆಯ ಮನುಷ್ಯ, ಒಳ್ಳೆಯದಕ್ಕೇ ಹೇಳಿದರು. ಅವಳಿಗೆ ಬೈಸಿಕೊಂಡಿದ್ದರೇ ಹಗುರವಾಗುತ್ತಿತ್ತು.

ಆಸ್ಪತ್ರೆಗೆ ಅವಳು ಹೋಗದೆ ಇರಲಿಲ್ಲ. ಹೋದಾಗಲೆಲ್ಲ ಮೈತುಂಬ ಕೆಲಸ ಹಚ್ಚಿಕೊಳ್ಳುತ್ತಿದ್ದಳು. ಫ್ಲಾಸ್ಕ್ ತೊಳೆದಳು, ಔಷಧದಂಗಡಿಗೆ ಓಡಿದಳು, ನರ್ಸುಗಳ ಬೆನ್ನು ಬಿದ್ದಳು, ಭಾವನ ಮುಖ ನೋಡುವುದೊಂದನ್ನು ಬಿಟ್ಟು ಎಲ್ಲ ಮಾಡಿದಳು. ಎಷ್ಟು ಮಾಡ್ತಾಳೆ ನೋಡಿ ನನ್ನ ತಂಗಿ ಎಂದು ಪಕ್ಕದ ಮಂಚದವರಿಗೆ ಅಕ್ಕ ಹೇಳಿದಾಗ ಅವಳು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ನಾಚಿಕೆಯಿಂದ ಅವಳ ಕಿವಿಗಳು ಸುಡುತ್ತಿದ್ದವು.

ಭಾವ ಮನೆಗೆ ಬಂದ ಮೇಲೆ, ಒಂದು ಸಂಜೆ, ಅಕ್ಕ ಫೋನ್ ಮಾಡಿ ಬಾ ಎಂದಳು. ಅವರು ಸರಿಯಾಗಿ ಊಟ ಮಾಡುತ್ತಿಲ್ಲ, ಗೋಡೆ ನೋಡಿಕೊಂಡು ಮಲಗಿರುತ್ತಾರೆ, ನೀನಾದರೂ ಮಾತಾಡಿಸು ಎಂದಳು. ಅಂಗಡಿಯ ಮೇಲಿನ ಮಹಡಿಯೇ ಅವರ ಮನೆ. ಬೀದಿಯಲ್ಲಿ ಕೆಸರಿನ ವಾಸನೆ ಇನ್ನೂ ಆರಿರಲಿಲ್ಲ. ಹಾಸಿಗೆ ಅಂಗಡಿಯ ಬಾಗಿಲು ಮುಚ್ಚಿತ್ತು. ಅವಳು ತಲೆ ತಗ್ಗಿಸಿ ಅದನ್ನು ದಾಟಿ ಮೆಟ್ಟಿಲು ಹತ್ತಿದಳು.

ಭಾವ ಮಂಚದ ಮೇಲೆ ಕಾಲು ಚಾಚಿ ಒರಗಿದ್ದರು. ಆಫೀಸರ್ರೇ ಎನ್ನಲಿಲ್ಲ. ಅಕ್ಕ ಟೀ ತಂದುಕೊಟ್ಟು ಮಂಚದ ತುದಿಯಲ್ಲಿ ಕೂತಳು. ಆಮೇಲೆ ಭಾವ ತಾವಾಗಿಯೇ ಶುರು ಮಾಡಿದರು. ಹಾಸಿಗೆಯವರು ತರಿಸಿದ ಲಾರಿ ಅವತ್ತು ಬಾಗಿಲಿಗೇ ಬಂದು ನಿಂತಿತ್ತಂತೆ. ಅರ್ಧ ಮೂಟೆಗಳು ಏರಿಯೂ ಆಗಿತ್ತಂತೆ. ಅದನ್ನು ಇಳಿಸಿ ವಾಪಸ್ಸು ಕಳಿಸಿದ್ದು ಭಾವನೇ. ನನ್ನ ನಾದಿನಿ ನೀರಿನ ಆಫೀಸಿನಲ್ಲಿದ್ದಾಳೆ, ಅವಳೇ ಹೇಳಿದ್ದಾಳೆ, ಸುಮ್ಮನೆ ಯಾಕೆ ತಾಪತ್ರಯ ಎಂದು ನಗಾಡಿದ್ದರಂತೆ. ಇಳಿಸಿದ ಮೂಟೆಗಳಿಗೆ ತಾವೂ ಕೈ ಹಚ್ಚಿದ್ದರಂತೆ.

ಇದು ಜರಡಿಗೆ ಗೊತ್ತಿರಲಿಲ್ಲ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ" ಎಂದರು ಭಾವ. "ಗರಗಸದ ಸದ್ದಿತ್ತು ನೋಡು. ನನಗೆ ಸರಿಯಾಗಿ ಕೇಳಿಸ್ಲಿಲ್ಲ ಅನ್ಸುತ್ತೆ. ನೀನು ಹುಷಾರಾಗಿರಿ ಅಂದಿರ್ತೀಯ. ನಾನೇ ನಿಶ್ಚಿಂತೆಯಾಗಿರಿ ಅಂತ ಕೇಳಿಸ್ಕೊಂಡೆ. ಹಾಗೇ ತಾನೇ ಆಗಿದ್ದು?"

ಅಕ್ಕ ನಡುವೆ ಬಾಯಿ ಹಾಕಿ, ಹಾಗೇ ಆಗಿರಬೇಕು ಎಂದಳು. ಇವರು ಆಸ್ಪತ್ರೆಯಿಂದಲೇ ಹಾಸಿಗೆಯವರ ಹೆಂಡತಿಗೆ ತಪ್ಪು ತನ್ನದೇ, ಕಿವಿ ಮೋಸ ಮಾಡಿತು ಎಂದು ಹೇಳಿಕಳಿಸಿದ್ದಾರೆ, ಆಕೆ ಅಂದಿನಿಂದ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾಳೆ ಎಂದಳು. ತಂಗಿಯ ಮೇಲೆ ಅಕ್ಕನಿಗೆ ಲೇಶವೂ ಅನುಮಾನವಿರಲಿಲ್ಲ.

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅದನ್ನೂ ಹೇಳಬೇಕಿರಲಿಲ್ಲ, ತಲೆ ತಗ್ಗಿಸಿದ್ದರೆ ಸಾಕಿತ್ತು. ಆಫೀಸು ತಪ್ಪನ್ನು ಮಾಪಕದ ತಲೆಗೆ ಕಟ್ಟಿತ್ತು, ಭಾವ ತಮ್ಮ ಕಿವಿಯ ತಲೆಗೆ ಕಟ್ಟಿಕೊಂಡಿದ್ದರು. ಅವಳಿಗೆ ಎರಡೂ ಕಡೆ ದಾರಿ ತೆರೆದಿತ್ತು. ಸುಳ್ಳಲ್ಲ, ಒಂದು ಗಳಿಗೆ ಅವಳ ಮನಸ್ಸು ಆ ದಾರಿಯತ್ತ ವಾಲಿತು. ಆದರೆ ಭಾವ ಕೇಳುತ್ತಿದ್ದುದೇನು? ಪರರ ಸಾವಿನ ಹೊರೆ ತನ್ನದು ಎಂದು ಒಪ್ಪಿಕೊಂಡು, ಅದಕ್ಕೆ ಅವಳಿಂದ ಒಂದು ರುಜು. ಅದನ್ನು ಹಾಕಿದರೆ ಈ ಮನುಷ್ಯ ಸಾಯುವವರೆಗೆ ಗೋಡೆ ನೋಡುತ್ತ ಮಲಗುತ್ತಾರೆ ಎನ್ನುವುದು ಅವಳಿಗೆ ಹಾಡುಹಗಲಿನಷ್ಟು ಸ್ಪಷ್ಟವಾಗಿತ್ತು.

"ನಿಮಗೆ ಸರಿಯಾಗೇ ಕೇಳಿಸಿತ್ತು ಭಾವ" ಎಂದಳು. "ಮಾಪಕನೂ ಕೆಟ್ಟಿರ್ಲಿಲ್ಲ. ನದಿ ಏರ್ತಾ ಇದೆ ಅಂತ ಅಂಕಿ ಬಂದಿತ್ತು. ಒಂದಲ್ಲ, ಮೇಲಿಂದ ಮೇಲೆ ಬಂತು. ನಾನೇ ತೆಗೆದುಹಾಕಿದೆ. ಆಮೇಲೆ ನಿಮ್ಮ ಹತ್ರ ಮಾತಾಡಿದೆ."

"ಯಾಕೆ?" ಎಂದರು ಭಾವ.

"ನಂಬ್ಲಿಲ್ಲ."

ನಿಯಮದ ವಿಷಯ, ಹಿಂದಿನ ವರ್ಷದ ಕೊಂಬೆಯ ವಿಷಯ, ತೆಗೆದುಹಾಕಿದ ಹುದ್ದೆಗಳ ವಿಷಯ ಎಲ್ಲ ನಾಲಿಗೆಯ ತುದಿಗೆ ಬಂದವು. ಎಲ್ಲವೂ ನಿಜವೇ. ಅವಳು ಒಂದನ್ನೂ ಆಡಲಿಲ್ಲ. ಭಾವ ಮೊಣಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ಅತ್ತರು. ಅದು ಸಿಟ್ಟೋ, ನಿರಾಳವೋ ಅವಳಿಗೆ ತಿಳಿಯಲಿಲ್ಲ. ಬಹುಶಃ ಎರಡೂ ಇದ್ದವು.

ಅಕ್ಕ ತಂಗಿಯ ಕೈಯಿಂದ ಲೋಟ ತೆಗೆದು ಕೆಳಗಿಟ್ಟಳು. ಅವಳ ಮುಖ ಗುರುತು ಸಿಗದಷ್ಟು ಬಿಗಿದುಕೊಂಡಿತ್ತು.

"ನಮಗೆ ಹೇಳಿ ಏನು ಬಂತು? ಕೆಳಗೆ ಹೋಗಿ ಆಕೆಗೆ ಹೇಳು. ಇವತ್ತೇ ಹೇಳು. ಹೇಳದೆ ಈ ಮೆಟ್ಟಿಲು ಹತ್ತಬೇಡ" ಎಂದಳು.

ಅವಳು ಇಳಿದು ಹೋದಳು. ಹಾಸಿಗೆ ಅಂಗಡಿಯ ಹಿಂದೆಯೇ ಅವರ ಮನೆ. ಬಾಗಿಲು ತಟ್ಟಿದಾಗ ತೆರೆದ ಹೆಂಗಸಿಗೆ ಅವಳ ಗುರುತಾಗಲಿಲ್ಲ. ನೀರಿನ ಆಫೀಸಿನವಳು ಎಂದಾಗ ಪರಿಹಾರದ ಅರ್ಜಿಯ ವಿಷಯವಿರಬೇಕೆಂದು ಒಳಗೆ ಕರೆದು, ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು ಜಾಗ ಮಾಡಿಕೊಟ್ಟರು. ಜರಡಿ ಕೂರಲಿಲ್ಲ. ನಿಂತಲ್ಲೇ ನಿಂತು, ಮೇಲಿನ ಮನೆಯಲ್ಲಿ ಹೇಳಿದ್ದನ್ನೇ ಹೇಳಿದಳು. ನನ್ನ ಭಾವನ ಕಿವಿ ಸರಿಯಾಗಿಯೇ ಇತ್ತು, ಮಾತು ನನ್ನದು ಎಂದಳು.

ಆ ಹೆಂಗಸು ಬೈಯಲಿಲ್ಲ. ಕಿರುಚಲಿಲ್ಲ. ಗೋಡೆಗೆ ಕೈಯೂರಿ, ಮೆಲ್ಲಗೆ ನೆಲದ ಮೇಲೆ ಕೂತು, ತುಂಬ ಹೊತ್ತು ತಮ್ಮ ಅಂಗೈಗಳನ್ನು ನೋಡಿಕೊಂಡರು.

"ಮಗಳು ಕೆಲಸದಿಂದ ಬರೋ ಹೊತ್ತಾಯ್ತು" ಎಂದರು ಕೊನೆಗೆ. "ಕೂತಿರಿ. ಅವಳಿಗೂ ನೀವೇ ಹೇಳಿ. ನನ್ನ ಕೈಲಿ ಆಗಲ್ಲ."

ಅವಳು ಆ ಕುರ್ಚಿಯ ಮೇಲೆ ಕೂತು ಕಾದಳು.