ಕಿಟಕಿಯಾಚೆಯ ಕಂಪ್ಯೂಟರ್ ಕ್ಲಾಸು

"ಹಿಂದಕ್ಕ ಸರೀರಲೇ ಬೋಸುಡೇರ. ಸರಳು ಮುಟ್ಟಬ್ಯಾಡ್ರಿ ಅಂದಿದ್ದು ಕಿವಿಗೆ ಬೀಳೂದಿಲ್ಲೇನು?"

ವಿರೂಪಾಕ್ಷಪ್ಪ ಗೌಡರು ಒಳಗಿನಿಂದ ಹೇಳಿದರು. ನಾವು ಕಿಟಕಿಯಿಂದ ಹಿಂದೆ ಸರಿದೆವು. ಕಂಪ್ಯೂಟರ್ ಕ್ಲಾಸು ಮುಂದುವರಿಯಿತು.

ಕ್ಲಾಸಿನ ಟೀಚರ್ ನಾನು. ರಾಣೆಬೆನ್ನೂರಿಗೆ ಹೋಗಿ ಬಿ.ಎ. ಓದಿ, ಕಂಪ್ಯೂಟರ್ ಕಲಿತವಳು ನಮ್ಮ ಕೇರಿಯಲ್ಲಿ ನಾನೊಬ್ಬಳೇ. ಹಿಂದಿನ ವರ್ಷದ ನೆರೆಯಲ್ಲಿ ತುಂಗಭದ್ರೆ ನಮ್ಮ ಕೇರಿಯನ್ನಷ್ಟೇ ಒಯ್ದಿತ್ತು. ಕೇರಿ ಇದ್ದದ್ದು ತಗ್ಗಿನಲ್ಲಿ. ಮನೆ ಕಳೆದುಕೊಂಡವರು ಇಂಟರ್ನೆಟ್ ಕಲಿಯಲೆಂದು ಬೆಂಗಳೂರಿನ ಒಂದು ಸಂಸ್ಥೆ ಕಂಪ್ಯೂಟರ್ ಕಳಿಸಿ, ಕಲಿಸಲು ನನ್ನನ್ನು ನೇಮಿಸಿತು. ನಮ್ಮ ತಗಡಿನ ಶೆಡ್ಡುಗಳಿಗೆ ಕರೆಂಟಿರಲಿಲ್ಲ. ಕರೆಂಟೂ ಫೋನಿನ ತಂತಿಯೂ ಇದ್ದದ್ದು ಗೌಡರ ಮನೆಯಲ್ಲಿ. ಕಂಪ್ಯೂಟರ್ ಅಲ್ಲಿಗೆ ಹೋಯಿತು. ಅವರ ಹೊಸ್ತಿಲನ್ನು ಕೇರಿಯವರು ದಾಟುವಂತಿಲ್ಲ. ಟೀಚರ್ ಕೂಡ.

ಹಾಗಾಗಿ ನಾನು ಹೊರಗೆ ನಿಂತು ಹೇಳುತ್ತಿದ್ದೆ. ಒಳಗೆ ಗೌಡರ ಮಗ ಪ್ರವೀಣಕುಮಾರ ಮೌಸು ಒತ್ತುತ್ತಿದ್ದ. ಕೇರಿಯ ಹೆಂಗಸರು ಕಿಟಕಿಯಾಚೆಯ ಕಲ್ಲುಗಳ ಮೇಲೆ ಕೂತು ನೋಡುತ್ತಿದ್ದರು. ಪ್ರವೀಣಕುಮಾರ ಚೆನ್ನಾಗಿ ಕಲಿತ.

ನನ್ನ ದೊಡ್ಡವ್ವ ಮಂಗಳವ್ವ ಅಂದು ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗದೆ ಬಂದಿದ್ದಳು.

"ಇವತ್ತರ ನನ್ನ ಹೆಸರು ಒತ್ತಾಕ ಕೊಡ್ತಾರನ ಪುಷ್ಪಾ?"

"ಸುಮ್ಕಿರ ದೊಡ್ಡವ್ವ."

"ನೋಡಿ ನೋಡಿ ಸಾಕಾತು. ಊಟಾನೂ ಹಿಂಗ ನೋಡೇ ಹೊಟ್ಟಿ ತುಂಬಿಸ್ಕೊಳ್ಳೂದು ಕಲಿಸಿಬಿಡು."

ಅಂದು ಸಂಸ್ಥೆಯ ಮೇಡಂ ಬೆಂಗಳೂರಿನಿಂದಲೇ ಕಂಪ್ಯೂಟರಿನಲ್ಲಿ ನಮ್ಮನ್ನು ನೋಡುವವರಿದ್ದರು. ಪ್ರವೀಣಕುಮಾರ ಕಂಪ್ಯೂಟರನ್ನು ಕಿಟಕಿಯ ಕಡೆ ತಿರುಗಿಸಿ, ಕುರ್ಚಿ ಬಿಟ್ಟು ಪಕ್ಕಕ್ಕೆ ನಿಂತ.

"ನಕ್ಕೋತ ಕುಂದರ್ರಿ," ಗೌಡರೆಂದರು. "ಲೇ ಮಂಗಳಿ, ಬಾಯಿ ಮುಚ್ಚು. ಪುಷ್ಪಿ, ಎಲ್ಲಾರೂ ದಿನಾ ಒಳಗ ಕುಂತು ಕಲೀತಾರ ಅಂತ ಹೇಳು. ನಿಮ್ಮ ಶೆಡ್ಡು ನಿಂತಿದ್ದು ಯಾರ ಜಾಗಾದಾಗ, ಗೊತ್ತೈತಲ್ಲ?"

ಗೊತ್ತಿತ್ತು.

ತೆರೆಯ ಮೇಲೆ ಮೇಡಂ ಬಂದರು. ಮೂಲೆಯ ಚಿಕ್ಕ ಚೌಕದಲ್ಲಿ ನಾವು ಕಾಣುತ್ತಿದ್ದೆವು, ನಮ್ಮ ಮುಂದೆ ಸರಳುಗಳು.

"ನಮಸ್ಕಾರ. ಎಲ್ಲರೂ ಯಾಕೆ ಹೊರಗೆ ಕೂತಿದೀರ?"

"ಗಾಳಿ ಚಲೋ ಬರ್ತೈತ್ರಿ ಮೇಡಂ," ಗೌಡರು ಪಕ್ಕದಿಂದ ಹೇಳಿದರು.

"ಓ, ಸರಿ. ಯಾರಾದರೂ ಟೈಪ್ ಮಾಡಿ ತೋರಿಸ್ತೀರಾ?"

ಗೌಡರು ನನ್ನ ಕಡೆ ನೋಡಿದರು. ನಾನು ಸುಳ್ಳು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಂಗಳವ್ವ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಡೆ ಬಳಸಿ ಬಾಗಿಲ ಕಡೆ ನಡೆದಳು. ಹೊಸ್ತಿಲು ದಾಟಿದ್ದು ನಮಗೆ ಕಾಣಲಿಲ್ಲ. ಚಿಕ್ಕ ಚೌಕದಲ್ಲಿ ಅವಳ ಮುಖ ಬಂತು. ಸರಳುಗಳು ಈಗ ಅವಳ ಹಿಂದಿದ್ದವು.

"ಒಂಚೂರು ಸರೀರಿ ಗೌಡ್ರ, ಬೆಳಕಿಗಿ ಅಡ್ಡ ಆಗೀರಿ," ಅಂದಳು.

ಮೇಡಂ ನೋಡುತ್ತಿದ್ದರು. ಗೌಡರು ನಗುತ್ತ ಸರಿದರು.

ಅವಳು ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಒತ್ತಿದಳು. 'ಮ' ಬಂತು. ಮೇಡಂ ಚಪ್ಪಾಳೆ ತಟ್ಟಿದರು.

"ಆತಲ್ಲ ಮಂಗಳವ್ವ, ಹೊರಗ ನಡಿ ಇನ್ನ," ಗೌಡರೆಂದರು. ಅವರ ಬಾಯಲ್ಲಿ ಅವಳ ಪೂರ್ತಿ ಹೆಸರು ಬಂದದ್ದು ಅದೇ ಮೊದಲು.

"ಒಂದ ಅಕ್ಷರ ಆಗೈತ್ರಿ. ಇನ್ನೂ ಐತಿ."

ಆಗ ಮೇಡಂ ಅವರ ಕೈಗಳು ಗಾಳಿಯಲ್ಲೇ ನಿಂತವು. ಬಾಯಿ ಅರ್ಧ ತೆರೆದೇ ಉಳಿಯಿತು. ನೆಟ್ ಹೋಗಿತ್ತು. ಗೌಡರಿಗೆ ಅದು ತಿಳಿಯಲಿಲ್ಲ, ನಿಂತ ಚಿತ್ರಕ್ಕೆ ನಗುತ್ತಲೇ ಇದ್ದರು. ಪ್ರವೀಣಕುಮಾರನಿಗೆ ತಿಳಿಯಿತು. ಅವನಿಗೆ ನಾನೇ ಕಲಿಸಿದ್ದು.

"ಅಪ್ಪಾಜಿ, ಲೈನ್ ಹೋತು. ಈಗ ಆಕಿಗಿ ನಾವು ಕಾಣೂದಿಲ್ಲ."

ಗೌಡರು ನಗುವುದನ್ನು ನಿಲ್ಲಿಸಿದರು.

"ಬಾಗಲಾ ಹಾಕು," ಎಂದರು.

ಮಂಗಳವ್ವ ತಲೆ ಎತ್ತಲಿಲ್ಲ. ಮುಂದಿನ ಅಕ್ಷರ ಹುಡುಕುತ್ತಿದ್ದಳು. ನಾನು ಗೋಡೆ ಬಳಸಿ ಓಡಿದೆ. ಪ್ರವೀಣಕುಮಾರ ಮುಚ್ಚುತ್ತಿದ್ದ ಬಾಗಿಲಿಗೆ ಭುಜ ಕೊಟ್ಟು ಒಳಗೆ ಕಾಲಿಟ್ಟೆ. ಚಪ್ಪಲಿ ಬಿಡಲು ಹೊತ್ತಿರಲಿಲ್ಲ. ಹಿಂದೆ ಹೆಂಗಸರ ಬಳೆಗಳ ಸದ್ದು ಕೇಳುತ್ತಿತ್ತು. ಒಳಗೆ ಬರುತ್ತಿದ್ದರೋ, ಶೆಡ್ಡಿನ ಕಡೆ ಓಡುತ್ತಿದ್ದರೋ, ನಾನು ತಿರುಗಿ ನೋಡಲಿಲ್ಲ.