ಕಡೀ ಟ್ರಿಪ್ಪಿಗೆ ಮಾಲಿ ಹಾಕಬ್ಯಾಡ್ರಿ

ಬ್ಯಾಡಗಿ ಹೊಳಿಯವ್ವ ವಿಮಾನದಾಗ ಮುಂದಿನ ಸೀಟು ಹೆಂಗ ಹಿಡಕೊಂಡು ಕುಂತಿದ್ಲಂದ್ರ, ಆಕಿ ಕೈ ಬಿಟ್ರ ವಿಮಾನನ ಕಳಚಿ ಬೀಳ್ತಿತ್ತು. ವಿಮಾನ ಹೊಡ್ಯಾಂವ ಬ್ಯಾರೆ ಯಾರೂ ಅಲ್ಲ, ಒಡಹುಟ್ಟಿದ ತಮ್ಮ ಮಾಲತೇಶಪ್ಪ. ಇವತ್ತ ಅವನ ನೌಕರಿ ಮುಗೀತಿತ್ತು, ಬೆಂಗಳೂರಿಂದ ಹುಬ್ಬಳ್ಳಿಗೆ ಇದ ಕಡೀ ಟ್ರಿಪ್ಪು. "ಅಕ್ಕಾ, ನೀ ಬರಬೇಕ ನೋಡು" ಅಂತ ಟಿಕೀಟೂ ಅವನ ತಗಿಸಿದ್ದ.

ಕಡೀ ಟ್ರಿಪ್ಪಂದ್ರ ಏನಂತ ಆಕಿಗೆ ಗೊತ್ತಿತ್ತು. ಗಂಡ ಪರಮೇಶಪ್ಪ ಬಸ್ ಡ್ರೈವರ. ಜೀವಮಾನದಾಗ ಒಂದು ಕೋಳಿ ಮ್ಯಾಲೂ ಗಾಲಿ ಹಾಯಿಸಿದಾಂವ ಅಲ್ಲ. ರಿಟೈರ್ ಆಗೂ ದಿನ ರಾಣೆಬೆನ್ನೂರಾಗ ಮಂದಿ ಅವಗ ಕಿವಿಮಟ ಮಾಲಿ ಹಾಕಿ, ಬಸ್ಸಿಗೂ ಮಾಲಿ ಹಾಕಿ, ಹಲಗಿ ಬಡದು ಕಳಿಸಿದ್ರು. ದಾರಿ ತುಂಬ ನಿಂತಾವರಿಗೆಲ್ಲಾ ಕೈ ಮುಗಕೋತ ಹೋದ. ಎರಡೂ ಕೈ ಮುಗದ್ರ ಸ್ಟೇರಿಂಗ್ ಯಾರು ಹಿಡಿಬೇಕು, ಅವರಪ್ಪ? ಹಲಗೇರಿ ದಾಟೂದ್ರಾಗ ಬಸ್ಸು ಹಳ್ಳದಾಗ! ಪ್ಯಾಸೆಂಜರೆಲ್ಲಾ ನೆಟ್ಟಗಿದ್ರು, ಪರಮೇಶಪ್ಪ ಮಾತ್ರ ಸಾಯೂಮಟ ಕುಂಟಿದ.

ಅದಕ್ಕ ವಿಮಾನ ಹತ್ತೂ ಮುಂದನ ಗಗನಸಖಿ ಅರುಣಾಗ ತಾಕೀತು ಮಾಡಿದ್ಲು: "ಯವ್ವಾ, ಸನ್ಮಾನಾ ಏನಿದ್ರೂ ನೆಲಾ ಮುಟ್ಟಿದ ಮ್ಯಾಲ."

"ಆತ್ರೀ ಅಜ್ಜಿ" ಅಂತ ನಕ್ಕ ಅರುಣಾ, ಅರ್ಧಾ ಆಕಾಶದಾಗ ಮೈಕ್ ಹಿಡದು "ಇವತ್ತು ನಮ್ಮ ಕ್ಯಾಪ್ಟನ್ ಅವರ ಕೊನೆಯ ಹಾರಾಟ" ಅಂದಬಿಟ್ಲು. ಮಂದಿ ಚಪ್ಪಾಳಿ ಹೊಡದ್ರು.

"ಬಡೀಬ್ಯಾಡ್ರಿ!" ಹೊಳಿಯವ್ವ ಒದರಿದ್ಲು. "ಅಂವ ಹೊಳ್ಳಿ ಕೈ ಮುಗದ್ರ ಎಲ್ಲಾರೂ ಹೋಗ್ತೀರಿ!"

ಬಾಜೂಕ ಕುಂತ ಹಾವೇರಿ ವಕೀಲ ಫಕ್ಕೀರೇಶ ಸಮಾಧಾನ ಮಾಡಿದ: "ಪೈಲಟ ಕೋಣಿ ಬಾಗಲಾ ಹಾಕೇತಿ ಅಜ್ಜಿ, ಅವ್ರಿಗೆ ಕೇಳೂದಿಲ್ಲ."

"ನಮ್ಮ ತಮ್ಮನ ಕಿವಿ ನಿಮಗೇನ ಗೊತ್ತು? ಐರಣಿ ಹೊಳ್ಯಾಗ ಈಸಾಕತ್ತಾಂವಗ ಮನ್ಯಾಗ ಹೋಳಿಗಿ ಬೇಯೂ ಸಪ್ಪಳಾ ಕೇಳ್ತಿತ್ತು!"

ಅಂತೂ ಗಾಲಿ ನೆಲಾ ಮುಟ್ಟಿದ್ವು. ಹೊಳಿಯವ್ವ ಉಸರ ಬಿಡಬೇಕು, ಅಷ್ಟರಾಗ ಎರಡೂ ಕಡೆ ಬೆಂಕಿ ಆರಿಸೂ ಗಾಡಿ ನಿಂತು, ನಡ್ಯಾಕತ್ತ ವಿಮಾನದ ಮ್ಯಾಲ ತುಂಗಭದ್ರಾ ಹೊಳೀನ ಎತ್ತಿ ಹೊಯ್ದಂಗ ನೀರು ಚಿಮ್ಮಿಸಿದ್ವು. ಕಿಡಕಿ ಬೆಳ್ಳಗಾತು.

"ಮರ್ಯಾದಿ ಅಜ್ಜಿ," ಅಂದ ಫಕ್ಕೀರೇಶ. "ಕಡೀ ಸಲಾ ಬಂದ ಪೈಲಟಗ ಹಿಂಗ ನೀರಿಲೆ ಸಲಾಮ ಹೊಡೀತಾರ."

"ಗಾಡಿ ನಡದಾಗ ಮಾರಿಗೆ ನೀರ ಉಗ್ಗೂದು ಯಾವೂರ ಮರ್ಯಾದಿ! ರಸ್ತಾ ಹೆಂಗ ಕಾಣಬೇಕು? ಮಾಲತೇಶಾ, ವೈಪರ್ ಹಾಕೋ!"

ವಿಮಾನ ನಿಂತಿತು. ಮಂದಿ ಇಳೀತು. ಜೋಡಿ ಪೈಲಟನೂ ಇಳದ. ಕೆಳಗ ಮಾಲಿ ಹಿಡಕೊಂಡು ಸಾಹೇಬ್ರು ನಿಂತಿದ್ರು. ಮಾಲತೇಶಪ್ಪ ಮಾತ್ರ ಹೊರಗ ಬರಲಿಲ್ಲ.

ಹೊಳಿಯವ್ವ ಅರುಣಾನ ಸರಿಸಿ ಪೈಲಟ ಕೋಣ್ಯಾಗ ನುಗ್ಗಿದ್ಲು. ಇಂಜಿನ್ ಬಂದ ಆಗಿತ್ತು. ತಮ್ಮ ಇನ್ನೂ ಹಿಡಿಕಿ ಹಿಡಕೊಂಡ ಕುಂತಿದ್ದ.

"ಪೆಟ್ಟಾತೇನೋ?"

"ಇಲ್ಲ."

"ಮತ್ತ ಏಳು."

"ಹಿಡಿಕಿ ಬಿಡಾಕ ಕೈ ಬರವಲ್ಲದು ಅಕ್ಕಾ."

ಹೊಳಿಯವ್ವಗ ಬಾಯಿಮಟ ಬಂದ ಚಾಷ್ಟಿ ಅಲ್ಲೇ ನಿಂತಿತು.

ಹಿಂದಿನಿಂದ ಯಾರೋ ಕರದ್ರು: "ಸರ್, ಎಲ್ಲಾರೂ ಕಾಯಾಕತ್ತಾರ್ರಿ."

ಹೊಳಿಯವ್ವ ಸೆರಗ ಹರವಿ ಬಾಗಲಕ್ಕ ಅಡ್ಡ ನಿಂತ್ಲು. "ತಡೀರಿ! ಕ್ಯಾಪ್ಟನ್ ಸಾಹೇಬ್ರು ಇನ್ನೂ ಬ್ರೇಕ್ ಹಾಕಾಕತ್ತಾರ. ನಿಮ್ಮ ಮಾಲಿ ಏನ ಬಾಡಿ ಹೋಗೂದಿಲ್ಲ."

ಅಂದಾಕಿನ ಒಳಗಿಂದ ಬಾಗಲಾ ಎಳಕೊಂಡ್ಲು.